ತಿನ್ನೋದಿಲ್ಲ ಅಂದ್ಮೇಲೆ ಯಾಕೋ ಹಿಡೀತೀಯ?

ಹೆಡ್‌ಫೋನ್ ಹಾಕ್ಕೊಂಡಿದ್ರೆ ಹಿಂದುಗಡೆ ಒಂದು ಸಣ್ಣ ಸದ್ದು ಕೇಳಿಸ್ತಿರಬೇಕು. ಅದು ತುಂಗಭದ್ರೆ. ಹರಿಹರದ ಹತ್ತಿರ, ಬೆಳಗ್ಗೆ ಆರೂವರೆಗೆ, ಫೋನ್‌ನಲ್ಲೇ ರೆಕಾರ್ಡ್ ಮಾಡಿದ್ದು. ಮಧ್ಯೆ ಒಂದು ಸಲ 'ಸುಯ್' ಅಂತ ಬರುತ್ತಲ್ಲ, ಅದು ಗಾಳಿಯಲ್ಲ, ನನ್ನ ಗಾಳದ ದಾರ. ಉಳಿದ ಮಾತನ್ನ ಪಿ.ಜೆ. ಬಡಾವಣೆಯ ನಮ್ಮನೆ ಮಹಡಿ ರೂಮಲ್ಲಿ, ತಲೆ ಮೇಲೆ ಕಂಬಳಿ ಹೊದ್ಕೊಂಡು ಹೇಳ್ತಿದೀನಿ. ಕಂಬಳಿ ಚಳಿಗಲ್ಲ, ರೂಮು ಗೊಂಯ್ ಅನ್ನಬಾರದು ಅಂತ. ದಾವಣಗೆರೆ ಚಳಿ ಎಷ್ಟು ಅಂತ ನಿಮಗೆ ಗೊತ್ತೇ ಇದೆ. ಸ್ವೆಟರ್ ಹಾಕ್ಕೊಂಡು ಹೊರಟು, ಬೆಣ್ಣೆದೋಸೆ ಬರೋ ಹೊತ್ತಿಗೆ ಸೊಂಟಕ್ಕೆ ಕಟ್ಕೊಳ್ಳೋ ಅಷ್ಟು.

ಇವತ್ತಿನ ವಿಷಯ ಫ್ಲೈ ಫಿಶಿಂಗ್, ಅದರಲ್ಲೂ ಚಳಿಗಾಲದ್ದು. ಸ್ಕಿಪ್ ಮಾಡಬೇಡಿ, ಇದು ದೊಡ್ಡವರ ಮನೆ ಶೋಕಿ ಬಗ್ಗೆ ಅಲ್ಲ. ನಾನು ಬಿ.ಕಾಂ. ಓದಿದವನು, ಯಾವುದಕ್ಕೇ ಆಗಲಿ ಮೊದಲು ಖರ್ಚಿನ ಕಾಲಂ ನೋಡೋ ಅಭ್ಯಾಸ. ನಮ್ಮನೇಲಿ ಮೀನು ತಿನ್ನೋದೂ ಇಲ್ಲ. ನಾನೂ ತಿನ್ನೋದಿಲ್ಲ. ಹಿಡೀತೀನಿ, ಬಿಡ್ತೀನಿ. ಹಾಗಾಗಿ ಅಮ್ಮ ಎರಡು ವರ್ಷದಿಂದ ಒಂದೇ ಪ್ರಶ್ನೆ ಕೇಳ್ತಿದಾರೆ: "ತಿನ್ನೋದಿಲ್ಲ ಅಂದ್ಮೇಲೆ ಯಾಕೋ ಹಿಡೀತೀಯ?"

ಈ ಎಪಿಸೋಡ್ ಆ ಪ್ರಶ್ನೆಗೆ. ಉತ್ತರ ಸಿಕ್ಕಿದೆ ಅಂತ ಹೇಳ್ತಿಲ್ಲ.

ಶುರುವಾಗಿದ್ದು ಎಲ್ಲರಿಗೂ ಶುರುವಾಗೋ ಹಾಗೆ, ರಾತ್ರಿ ಒಂದು ಗಂಟೆಗೆ ಯೂಟ್ಯೂಬ್‌ನಲ್ಲಿ. ಅಮೆರಿಕದ ಮೊಂಟಾನಾ, ಸುತ್ತ ಹಿಮ, ಮಧ್ಯೆ ಕಪ್ಪು ನೀರು, ಮೊಣಕಾಲುದ್ದ ನೀರಲ್ಲಿ ನಿಂತ ಒಬ್ಬ ಮನುಷ್ಯ. ತಲೆ ಮೇಲೆ ದಾರ ಹಿಂದಕ್ಕೆ ಹೋಗುತ್ತೆ, ಮುಂದಕ್ಕೆ ಬರುತ್ತೆ, ನೀರಿನ ಮೇಲೆ ಏನೋ ಒಂದು ಕಾಳಿನಷ್ಟು ಚಿಕ್ಕದು ಬೀಳುತ್ತೆ. ಮೀನು ಬರುತ್ತೆ. ಆತ ಅದನ್ನ ನೀರಲ್ಲೇ ಹಿಡಿದು, ನೀರಿಗೇ ಬಿಡ್ತಾನೆ. ಮಾತಿಲ್ಲ, ಮ್ಯೂಸಿಕ್ ಇಲ್ಲ. ಅವತ್ತು ಬಾಸ್ ಹತ್ರ ಬೈಸ್ಕೊಂಡು ಬಂದಿದ್ದೆ, ಜಿ.ಎಸ್.ಟಿ. ರಿಟರ್ನ್ ಒಂದು ದಿನ ಲೇಟಾಗಿತ್ತು. ಆ ವಿಡಿಯೋನ ಮೂರು ಸಲ ನೋಡಿದೆ.

ಆ ಮೀನು ಟ್ರೌಟ್. ಕಾಡು ಟ್ರೌಟ್ ಹಿಡಿಯೋಕೆ ಅಮೆರಿಕಕ್ಕೇ ಹೋಗಬೇಕಾಗಿಲ್ಲ, ಹಿಮಾಚಲದಲ್ಲೂ ಇದೆ ಅಂತ ಗೊತ್ತಾಯ್ತು. ಕುಲ್ಲು ಜಿಲ್ಲೆಯ ತೀರ್ಥನ್ ನದಿ. ನಾನು ಲೆಕ್ಕದ ಮನುಷ್ಯ ಅಲ್ವಾ, ರೂಮ್ ರೇಟ್ ಯಾವಾಗ ಕಡಿಮೆ ಅಂತ ನೋಡಿದೆ. ನವೆಂಬರ್. ಅರ್ಧಕ್ಕರ್ಧ ಕಡಿಮೆ. ಯಾಕೆ ಕಡಿಮೆ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಬೆಂಗಳೂರು, ದೆಹಲಿ, ಅಲ್ಲಿಂದ ರಾತ್ರಿ ಬಸ್ಸು, ಔಟ್ ಸುರಂಗದ ಹತ್ತಿರ ಇಳಿದು ಜೀಪು. ಹೋಮ್‌ಸ್ಟೇ ಮಾಲೀಕರು ಚಹಾ ಕೊಟ್ಟು, ನನ್ನ ಬ್ಯಾಗಿನಿಂದ ಇಣುಕ್ತಿದ್ದ ರಾಡ್ ನೋಡಿ ನಕ್ಕರು. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಟ್ರೌಟ್ ಹಿಡಿಯೋದು ಪೂರ್ತಿ ಬಂದ್.

ನಗಬೇಡಿ. ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಹೋಗಿದ್ದೆ ನಾನು.

ಆದ್ರೆ ಮರುದಿನ ಮಧ್ಯಾಹ್ನ ಅವರೇ ಒಂದು ಸೇತುವೆ ಮೇಲೆ ಕರ್ಕೊಂಡು ಹೋಗಿ ಕೆಳಗೆ ನೋಡು ಅಂದ್ರು. ಗಾಜಿನಂಥ ನೀರು. ಐದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಕಲ್ಲುಗಳ ನಡುವೆ ಒಂದು ಕಲ್ಲು ಅಲುಗಾಡಿತು. ಹೆಣ್ಣು ಬ್ರೌನ್ ಟ್ರೌಟ್. ಮಗ್ಗುಲಿಗೆ ವಾಲಿ, ಬಾಲದಿಂದ ತಳದ ಜಲ್ಲಿಯನ್ನ ಬಡೀತಿತ್ತು. ಗುಂಡಿ ತೋಡಿ, ಅದರಲ್ಲಿ ಮೊಟ್ಟೆ ಇಟ್ಟು, ಮತ್ತೆ ಜಲ್ಲಿ ಮುಚ್ಚುತ್ತೆ. ಚಳಿ ಮುಗಿಯೋವರೆಗೂ ಮೊಟ್ಟೆ ಆ ಜಲ್ಲಿಯೊಳಗೇ ಇರುತ್ತೆ. ಆ ಹೊತ್ತಲ್ಲಿ ನಮ್ಮಂಥವರು ರಬ್ಬರ್ ಬೂಟ್ ಹಾಕ್ಕೊಂಡು ನದಿಗಿಳಿದ್ರೆ, ಗಾಳ ಹಾಕದಿದ್ರೂ ಕಾಲ ಕೆಳಗೇ ಒಂದು ಪೀಳಿಗೆ ಹೋಗುತ್ತೆ. ಅದಕ್ಕೇ ಬಂದ್.

ಈ ಟ್ರೌಟ್ ನಮ್ಮ ದೇಶದ್ದೇ ಅಲ್ಲ, ಅದೂ ಅಲ್ಲೇ ತಿಳೀತು. 1900ರಲ್ಲಿ ಬ್ರಿಟನ್‌ನಿಂದ ಹಡಗಿನಲ್ಲಿ ಮೊಟ್ಟೆ ತಂದು ಕಾಶ್ಮೀರದಲ್ಲಿ ಮರಿ ಮಾಡಿಸಿದ್ರು. ಅದಕ್ಕೆ ಮುಂಚೆ ತಂದಿದ್ದು ದಾರಿಯಲ್ಲೇ ಹಾಳಾಗಿತ್ತಂತೆ. ಕಾಶ್ಮೀರದಿಂದ 1909ರಲ್ಲಿ ಹೋವೆಲ್ ಅನ್ನೋ ಅಧಿಕಾರಿ ಕುಲ್ಲುಗೆ ತಂದ. ನಮ್ಮ ಪಕ್ಕದ ನೀಲಗಿರಿಯಲ್ಲೂ ಅದೇ ಕಥೆ: 1863ರಲ್ಲಿ ಫ್ರಾನ್ಸಿಸ್ ಡೇ ಪ್ರಯತ್ನಪಟ್ಟು ಸೋತ, ಮುಂದಿನ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ರೇನ್‌ಬೋ ಟ್ರೌಟ್ ತಂದು ಗೆದ್ದ, ಅವಲಾಂಚಿಯಲ್ಲಿ ಹ್ಯಾಚರಿ ಆಯ್ತು. ನಾವು 'ಕಾಡು ಟ್ರೌಟ್' ಅಂತ ಕರೆಯೋದೆಲ್ಲ ಒಂದು ಕಾಲದಲ್ಲಿ ಡಬ್ಬಿಯಲ್ಲಿ ಬಂದ ಮೊಟ್ಟೆಯ ಮೊಮ್ಮಕ್ಕಳು. ತಣ್ಣನೆ ನೀರೇ ಬೇಕು ಅದಕ್ಕೆ. ನೀರು 20 ಡಿಗ್ರಿ ದಾಟಿದ್ರೆ ಒದ್ದಾಡುತ್ತೆ. ನಮ್ಮ ತುಂಗಭದ್ರೆಯಲ್ಲಿ ಬಿಟ್ರೆ ಬೇಸಿಗೆ ನೋಡೋದಿಲ್ಲ.

ವಾಪಸ್ ಬರೋ ರೈಲಿನಲ್ಲಿ ಒಂದು ಮಾತು ಹೊಳೀತು. ಅಲ್ಲಿ ಚಳಿಗಾಲ ಮೀನು ಮೊಟ್ಟೆ ಇಡೋ ಕಾಲ, ಅದಕ್ಕೆ ಬಂದ್. ನಮ್ಮ ನದಿ ಮೀನುಗಳು ಮೊಟ್ಟೆ ಇಡೋದು ಮಳೆಗಾಲದಲ್ಲಿ. ಹಾಗಾದ್ರೆ ನಮಗೆ ಚಳಿಗಾಲವೇ ಸೀಸನ್! ಮನೆಯಿಂದ 14 ಕಿಲೋಮೀಟರ್ ದೂರದಲ್ಲಿ ನದಿ ಇಟ್ಕೊಂಡು ನಾನು ಹಿಮಾಲಯಕ್ಕೆ ಹೋಗಿದ್ದೆ.

ಫ್ಲೈ ಫಿಶಿಂಗ್ ಅಂದ್ರೇನು ಅಂತ ಸ್ವಲ್ಪ ಹೇಳ್ಬಿಡ್ತೀನಿ. ನಮ್ಮೂರ ಗಾಳದಲ್ಲಿ ಭಾರ ತುದಿಯಲ್ಲಿರುತ್ತೆ. ಎರೆಹುಳ, ಸೀಸದ ಗುಂಡು, ಮೇಲೊಂದು ಬೆಂಡು. ಆ ಭಾರ ದಾರವನ್ನ ಎಳ್ಕೊಂಡು ಹೋಗುತ್ತೆ. ಫ್ಲೈನಲ್ಲಿ ತುದಿಗೆ ಭಾರವೇ ಇಲ್ಲ. ಒಂದು ಸಣ್ಣ ಕೊಕ್ಕೆಗೆ ನೂಲು, ಕೋಳಿಗರಿ ಸುತ್ತಿ ನೊಣದ ಥರವೋ ಹುಳದ ಥರವೋ ಮಾಡಿರ್ತಾರೆ, ಊದಿದ್ರೆ ಹಾರುತ್ತೆ. ಅದನ್ನ ಹದಿನೈದು ಮೀಟರ್ ಎಸೆಯೋದು ಹೇಗೆ? ಭಾರ ದಾರದಲ್ಲೇ ಇರುತ್ತೆ. ದಪ್ಪ ದಾರ, ಪ್ಲಾಸ್ಟಿಕ್ ಲೇಪನದ್ದು. ಒಂಬತ್ತು ಅಡಿ ರಾಡ್‌ನಿಂದ ಅದನ್ನ ಹಿಂದಕ್ಕೆ ಬೀಸ್ಬೇಕು, ಅದು ಪೂರ್ತಿ ಬಿಚ್ಕೊಳ್ಳೋವರೆಗೆ ಸುಮ್ನೆ ಕಾಯಬೇಕು, ಆಮೇಲೆ ಮುಂದಕ್ಕೆ. ಆ ಕಾಯೋದೇ ಕಷ್ಟ. ಕಾಯದೆ ಮುಂದಕ್ಕೆ ಎಳೆದ್ರೆ ಬಾರುಕೋಲಿನ ಥರ 'ಚಟ್' ಅನ್ನುತ್ತೆ, ಫ್ಲೈ ಕಿತ್ತು ಹೋಗುತ್ತೆ. ಹಿಂದೆ ಗಿಡ ಇದ್ರೆ ಗಿಡಕ್ಕೆ. ನನ್ನ ಮೊದಲ ಹನ್ನೊಂದು ಫ್ಲೈಗಳಲ್ಲಿ ನಾಲ್ಕು ಒಂದೇ ಜಾಲಿ ಮರಕ್ಕೆ ಹೋದವು.

ಅಭ್ಯಾಸ ಮಾಡಿದ್ದು ನೀರಲ್ಲಲ್ಲ. ಬೆಳಗ್ಗೆ ಐದೂವರೆಗೆ ಖಾಲಿ ಮೈದಾನದಲ್ಲಿ, ತುದಿಗೆ ಕೊಕ್ಕೆ ಬದಲು ಒಂದು ಚೂರು ಉಲ್ಲನ್ ನೂಲು ಕಟ್ಟಿ. ವಾಕಿಂಗ್‌ನವರು ನಿಂತು ನೋಡೋರು. ಒಬ್ಬ ಹಿರಿಯರು ನಾಲ್ಕು ದಿನ ನೋಡಿ ಐದನೇ ದಿನ ಕೇಳಿದ್ರು, "ಏನಪ್ಪಾ, ಕರೆಂಟ್ ಲೈನ್ ಏನಾದ್ರೂ ಎಳೀತಿದೀಯಾ?" ರಾಮ್ ಅಂಡ್ ಕೋ ಸರ್ಕಲ್ ಹತ್ರ ಸಂಜೆ ಮಿರ್ಚಿ ತಿನ್ನುವಾಗಲೂ ಗೆಳೆಯರು ಇದನ್ನೇ ಹಿಡ್ಕೊಂಡು ಕಾಡಿದ್ರು. ಕಾಡಲಿ ಬಿಡಿ.

ಖರ್ಚು ಕೇಳೋರಿಗೆ: ರಾಡ್, ರೀಲ್, ದಾರ ಸೇರಿ ನನಗೆ ಏಳು ಸಾವಿರದ ಚಿಲ್ಲರೆ ಆಯ್ತು, ಆನ್‌ಲೈನ್‌ನಲ್ಲಿ, ಕಡಿಮೆ ದರ್ಜೆಯದ್ದು. ರೆಡಿ ಫ್ಲೈ ಒಂದಕ್ಕೆ ನೂರರ ಮೇಲೆ. ಅದಕ್ಕೇ ನಾನೇ ಕಟ್ಟೋಕೆ ಕಲಿತೆ. ಕೊಕ್ಕೆ, ಟೈಲರ್ ಅಂಗಡಿ ನೂಲು, ಕೋಳಿ ಅಂಗಡಿಯಿಂದ ತಂದು ತೊಳೆದ ಕುತ್ತಿಗೆ ಗರಿ. ಒಂದು ಫ್ಲೈಗೆ ಹತ್ತು ರೂಪಾಯಿಯೊಳಗೆ ಬರುತ್ತೆ. ಕೋಳಿ ಗರಿ ಮನೆಯೊಳಗೆ ತಂದ ದಿನ ಏನಾಯ್ತು ಅನ್ನೋದನ್ನ ಈ ಎಪಿಸೋಡ್‌ನಲ್ಲಿ ಹೇಳೋದಿಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ಭಾನುವಾರ ಹೋದೆ. ಮೀನು ಸೊನ್ನೆ. ಸುಳ್ಳಲ್ಲ, ಸೊನ್ನೆ. ಆಮೇಲೆ ಒಂದು ಬುದ್ಧಿ ಬಂತು, ಬರಬಾರದಿತ್ತು. ಹರಿಹರೇಶ್ವರನ ದರ್ಶನ ಮಾಡಿ ಬಂದವರು ಹೊಳೆ ಹತ್ರ ಬಂದು ಮೀನಿಗೆ ಮಂಡಕ್ಕಿ ಹಾಕ್ತಾರೆ. ಮೀನು ಮೇಲೆ ಬಂದು 'ಚಪ್ ಚಪ್' ಅಂತ ತಿನ್ನುತ್ತೆ. ನಾನು ಬಿಳಿ ಫೋಮ್ ಶೀಟ್ ಕತ್ತರಿಸಿ, ಕೊಕ್ಕೆಗೆ ಕಟ್ಟಿ, ತುದಿ ಸ್ವಲ್ಪ ಉರುಟು ಮಾಡಿ ಒಂದು ಫ್ಲೈ ಮಾಡಿದೆ. ಅಂಗೈಯಲ್ಲಿಟ್ರೆ ಪಕ್ಕಾ ಮಂಡಕ್ಕಿ ಕಾಳು. ದಾವಣಗೆರೆಯವನು ಬೇರೆ ಏನು ಮಾಡ್ತಾನೆ ಹೇಳಿ? ಖುಷಿಯಲ್ಲಿ ಫೋಟೋ ಹಾಕಿದೆ, ಲೈಕ್ಸ್ ಬಂದವು.

ಏಪ್ರಿಲ್, ಮಧ್ಯಾಹ್ನ ಹನ್ನೆರಡರ ಮೇಲೆ. ಹೊಳೆ ಸೊರಗಿತ್ತು, ನೀರು ಕೈಗೆ ಬಿಸಿ ಬಿಸಿ ಹತ್ತೋದು. ಜನ ಮಂಡಕ್ಕಿ ಹಾಕೋ ಜಾಗದಿಂದ ಸ್ವಲ್ಪ ಕೆಳಗೆ ನಿಂತಿದ್ದೆ. ಉಳಿದ ಕಾಳು ತೇಲ್ಕೊಂಡು ಬರ್ತಿತ್ತು. ಅದರ ಜೊತೆಗೆ ನನ್ನ ಕಾಳನ್ನೂ ತೇಲಿಬಿಟ್ಟೆ. ಎರಡನೇ ಸಲಕ್ಕೇ ಒಂದು ದಪ್ಪ ತುಟಿ ಮೇಲೆ ಬಂದು, ಅಷ್ಟು ಕಾಳಿನಲ್ಲಿ ನನ್ನದನ್ನೇ ಒಳಗೆಳ್ಕೊಂಡಿತು. ಗೆಂಡೆ ಮೀನು. ಒಂದೂವರೆ ಕೆಜಿ ಇರಬಹುದು. ತೆಳು ದಾರ, ಹೊಸ ಕೈ, ಹತ್ತು ಹನ್ನೆರಡು ನಿಮಿಷ ಎಳೆದಾಡಿಸಿದೆ. ದಡಕ್ಕೆ ತಂದು ಬಿಸಿ ಕಲ್ಲಿನ ಮೇಲೆ ಮಲಗಿಸಿದೆ. ಜೊತೆಗೆ ಬಂದಿದ್ದ ಗೆಳೆಯನಿಗೆ "ರೀಲ್ ಮಾಡೋ" ಅಂದೆ. ಫೋನ್ ಅಡ್ಡ ಹಿಡಿದಿದ್ದ, ಉದ್ದ ಹಿಡಿಯೋ ಅಂದೆ. ಮತ್ತೊಂದ್ಸಲ ಎತ್ತಿ ತೋರಿಸು ಅಂದ, ತೋರಿಸಿದೆ. ಮುಖದಲ್ಲಿ ನೆರಳು ಬಂತು ಅಂತ ತಿರುಗಿ ನಿಂತೆ.

ಆಮೇಲೆ ನೀರಿಗೆ ಬಿಟ್ಟೆ. ಅದು ಹೋಗಲಿಲ್ಲ. ಮಗ್ಗುಲಾಯ್ತು. ನೆಟ್ಟಗೆ ಹಿಡಿದೆ, ಬಿಟ್ಟ ಕೂಡಲೇ ಮತ್ತೆ ಮಗ್ಗುಲಾಯ್ತು. ಹೊಟ್ಟೆ ಮೇಲಾಗಿ ನಿಧಾನಕ್ಕೆ ಹರಿವಿನ ಜೊತೆ ಹೊರಟಿತು, ಅದರ ಸುತ್ತ ಮಂಡಕ್ಕಿ ಕಾಳುಗಳೂ.

ಆ ವಿಡಿಯೋ ಈಗಲೂ ನನ್ನ ಹತ್ರ ಇದೆ. ಹಾಕಲಿಲ್ಲ. ಟೈಮ್ ನೋಡಿದೆ: ಮೀನು ನೀರಿನಿಂದ ಹೊರಗಿದ್ದಿದ್ದು 2 ನಿಮಿಷ 40 ಸೆಕೆಂಡ್. ಆಮೇಲೆ ಹುಡುಕಿ ಓದಿದೆ. 1992ರಲ್ಲಿ ಕೆನಡಾದಲ್ಲಿ ಫರ್ಗುಸನ್ ಮತ್ತು ಟಫ್ಟ್ಸ್ ಅನ್ನೋ ವಿಜ್ಞಾನಿಗಳು ರೇನ್‌ಬೋ ಟ್ರೌಟ್ ಮೇಲೆ ಒಂದು ಪರೀಕ್ಷೆ ಮಾಡಿದ್ರು. ಸುಸ್ತಾಗೋವರೆಗೆ ಓಡಾಡಿಸಿ ನೀರಲ್ಲೇ ಬಿಟ್ಟ ಮೀನುಗಳಲ್ಲಿ 12 ಶೇಕಡಾ ಸತ್ತವು. ಸುಸ್ತಾದ ಮೇಲೆ 30 ಸೆಕೆಂಡ್ ಗಾಳಿಯಲ್ಲಿಟ್ಟವುಗಳಲ್ಲಿ 38 ಶೇಕಡಾ. ಒಂದೇ ಒಂದು ನಿಮಿಷ ಇಟ್ಟವುಗಳಲ್ಲಿ 72 ಶೇಕಡಾ. ಟ್ರೌಟ್ ನಾಜೂಕು ಮೀನು, ಗೆಂಡೆ ಗಟ್ಟಿ. ಅದಕ್ಕೇ ನಾನು ಯೋಚನೆ ಮಾಡಿರಲಿಲ್ಲ. ಆದ್ರೆ ಗಟ್ಟಿ ಮೀನನ್ನೂ ಬಿಸಿ ನೀರಲ್ಲಿ ಓಡಾಡಿಸಿ, ಬಿಸಿ ಕಲ್ಲಿನ ಮೇಲೆ ಎರಡೂವರೆ ನಿಮಿಷ ಹಾಕಿದ್ರೆ? ನೂರು ಮೀಟರ್ ಓಡಿ ಬಂದವನ ಮೂಗು ಬಾಯಿ ಮುಚ್ಚಿ 'ಸ್ಮೈಲ್ ಪ್ಲೀಸ್' ಅಂದ ಹಾಗೆ.

ಮನೆಗೆ ಬಂದು ಅಮ್ಮನಿಗೆ ಹೇಳ್ದೆ. ಹೇಳಬಾರದು ಅಂದ್ಕೊಂಡಿದ್ದೆ, ಮುಖ ನೋಡಿ ಅವರೇ ಕೇಳಿದ್ರು. ಬೈತಾರೆ ಅಂದ್ಕೊಂಡೆ, ಬೈಲಿಲ್ಲ. ಅಕ್ಕಿ ಆರಿಸ್ತಿದ್ದವರು ಮೊರ ಕೆಳಗಿಟ್ಟು, "ಮಂಡಕ್ಕಿ ಅಂತ ನಂಬ್ಕೊಂಡು ಬಂದಿದ್ದಕ್ಕೆ ಮುಳ್ಳು ಕೊಟ್ಯಾ?" ಅಂದ್ರು. ಅಷ್ಟೇ.

ಐದಾರು ತಿಂಗಳು ರಾಡ್ ಮುಟ್ಟಲಿಲ್ಲ.

ಆ ಐದಾರು ತಿಂಗಳಲ್ಲಿ ಮಾಡಿದ್ದು ಓದೋದು, ತಿರುಗಾಡೋದು. ನಮ್ಮ ಹರಿಹರದ ನೀರು ಎಲ್ಲಿಂದ ಬರುತ್ತೆ? ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನ ಸೇರುತ್ತೆ, ಹೊನ್ನಾಳಿ ಆದ್ಮೇಲೆ ನಾವು. ಶೃಂಗೇರಿ ಮಠದ ಮೆಟ್ಟಿಲ ಹತ್ರ ಮೀನುಗಳನ್ನ ನೀವೆಲ್ಲ ನೋಡೇ ಇರ್ತೀರಿ, ಕೈಯಳತೆಗೆ ಬರುತ್ತವೆ. ತೀರ್ಥಹಳ್ಳಿ ಹತ್ರ ಚಿಪ್ಪಲಗುಡ್ಡೆಯಲ್ಲೂ ಹಾಗೇ, ಮತ್ಸ್ಯಧಾಮ. ಅವು ಹೆಚ್ಚಾಗಿ ಮಹಶೀರ್ ಜಾತಿ. ಜನ ದೇವರ ಮೀನು ಅಂತಾರೆ, ಹಿಡಿಯೋ ಹಾಗಿಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲೂ ಕಪಿಲಾ ನದಿಯಲ್ಲಿ ಇಂಥದ್ದೇ ಮೀನು. 1996ರಲ್ಲಿ ಅಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದಾರೆ. ಮೀನಿಗೆ ಸ್ಮಾರಕ! ಅದರ ಮುಂದೆ ನಿಂತಾಗ ಜೇಬಿನಲ್ಲಿದ್ದ ಫೋನ್‌ನೊಳಗಿನ ಆ ವಿಡಿಯೋ ನೆನಪಾಗಿ ಒಂಥರಾ ಆಯ್ತು.

ಇನ್ನೊಂದು ಕಡೆ ಕಾವೇರಿ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕ್ಯಾಂಪ್‌ಗಳ ಹೆಸರು ಕೇಳಿರ್ತೀರಿ. ಒಂದು ಕಾಲದಲ್ಲಿ ಪ್ರಪಂಚದ ಮೂಲೆಮೂಲೆಯಿಂದ ಚಳಿಗಾಲದಲ್ಲಿ ಅಲ್ಲಿಗೆ ಬರ್ತಿದ್ರು, ಬೆನ್ನುಗುಬ್ಬದ ಮಹಶೀರ್ ಹಿಡಿಯೋಕೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದ್ರೆ ಸುಮಾರು 54 ಕೆಜಿ ಮೀನು ಹಿಡಿದಿದ್ರು. ಆಮೇಲೆ ಅಲ್ಲಿ ಹಿಡಿದು ಬಿಡೋ ಪದ್ಧತಿ ಬಂತು. ಕ್ಯಾಂಪ್‌ನಲ್ಲಿ ಪ್ರತಿ ಮೀನಿನ ತೂಕ, ದಿನ, ಜಾತಿ ಪುಸ್ತಕದಲ್ಲಿ ಬರೆದಿಡ್ತಿದ್ರು. 2012ರಲ್ಲಿ ಅಭಯಾರಣ್ಯದೊಳಗಿನ ಗಾಳಗಾರಿಕೆ ನಿಂತಿತು. ಹಿಡಿದು ಬಿಟ್ರೂ ಕಾಯ್ದೆ ಪ್ರಕಾರ ಅದೂ ಬೇಟೆಯೇ. ಸರಿ ಅನ್ಸುತ್ತೆ ಅಲ್ವಾ? ನನಗೂ ಅನ್ನಿಸಿತು.

ಆದ್ರೆ ಕಥೆ ಅಲ್ಲಿಗೆ ಮುಗಿಯೋದಿಲ್ಲ. ಕೆಲವು ವಿಜ್ಞಾನಿಗಳು ಗಾಲಿಬೋರೆ ಕ್ಯಾಂಪ್‌ನ 1998ರಿಂದ 2012ರವರೆಗಿನ ಆ ಹಳೇ ಪುಸ್ತಕಗಳನ್ನ ಕೂತು ಲೆಕ್ಕ ಹಾಕಿದ್ರು. ಆರು ಸಾವಿರಕ್ಕೂ ಹೆಚ್ಚು ಮೀನಿನ ಎಂಟ್ರಿ. ಒಟ್ಟು ಮೀನಿನ ಸಂಖ್ಯೆ ನೋಡಿದ್ರೆ ಏರ್ತಾನೇ ಇತ್ತು, ಎಲ್ಲ ಚೆನ್ನಾಗಿದೆ ಅನ್ನೋ ಹಾಗೆ. ಜಾತಿವಾರು ನೋಡಿದಾಗ ಎದೆ ಒಡೀತು: ಹೆಚ್ಚಾಗಿದ್ದು ಹೊರಗಿನಿಂದ ಮರಿ ತಂದು ಬಿಟ್ಟಿದ್ದ ನೀಲಿ ರೆಕ್ಕೆ ಮಹಶೀರ್, ಕಾವೇರಿಯದೇ ಆದ ಬೆನ್ನುಗುಬ್ಬದ್ದು ಕರಗಿ ಹೋಗಿತ್ತು. ಟೋಟಲ್ ಚೆನ್ನಾಗಿದ್ದು ಬ್ರೇಕಪ್ ಕೆಟ್ಟಿರೋ ಬ್ಯಾಲೆನ್ಸ್ ಶೀಟ್ ನಾವು ಬಿ.ಕಾಂ.ನವರು ಎಷ್ಟು ನೋಡಿಲ್ಲ? ತಮಾಷೆ ಅಂದ್ರೆ ಅಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ನಿಗದಿಯಾಗಿರಲಿಲ್ಲ. 2018ರಲ್ಲಿ ಅದು 'ಟಾರ್ ರೆಮಾದೇವಿ' ಅಂತ ಖಚಿತವಾಯ್ತು, ಅದೇ ವರ್ಷ ಅಳಿವಿನ ತುತ್ತತುದಿಯ ಪಟ್ಟಿಗೂ ಸೇರಿತು. ಗಾಳದವರು ಶೋಕಿಗೆ ಬರೆದಿಟ್ಟ ಪುಸ್ತಕ ಇಲ್ಲದಿದ್ರೆ ಆ ಮೀನು ಯಾವಾಗ ಕಡಿಮೆಯಾಯ್ತು ಅಂತ ತೋರಿಸೋ ಲೆಕ್ಕ ಎಲ್ಲಿರ್ತಿತ್ತು?

ಇದು ನನ್ನನ್ನ ನಿರ್ದೋಷಿ ಮಾಡೋದಿಲ್ಲ, ಗೊತ್ತು. ಆದ್ರೆ ಒಂದು ನೋಟ್‌ಬುಕ್ ತಗೊಂಡೆ.

ಇದೆಲ್ಲ ಇಂಗ್ಲಿಷರ ಆಟ ಅಂತ ಕಾಮೆಂಟ್ ಹಾಕೋಕೆ ಹೊರಟವರಿಗೆ ಒಂದು ವಿಷಯ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅನ್ನೋ ಗ್ರಂಥ ಬರೆದ. ಅದರಲ್ಲಿ 'ಮತ್ಸ್ಯವಿನೋದ' ಅಂತ ಒಂದು ಭಾಗವೇ ಇದೆ. ಗಾಳ, ದಾರ, ಕೋಲು ಹೇಗಿರಬೇಕು, ಯಾವ ಮೀನಿಗೆ ಯಾವ ಹಿಟ್ಟಿನ ಉಂಡೆ ಕೊಟ್ಟು ಪಳಗಿಸಬೇಕು, ಎಲ್ಲ. ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನ ಬರೆದಿದಾರೆ. ಅಂದ್ರೆ ಉಂಡೆ ಹಾಕಿ ನಂಬಿಸಿ ಹಿಡಿಯೋದು ನನ್ನ ಕಂಡುಹಿಡಿತ ಅಲ್ಲ. ಅದೇನು ಸಮಾಧಾನದ ಮಾತಲ್ಲ ಬಿಡಿ.

ದಸರಾ ಕಳೆದು, ದೀಪಾವಳಿ ಕಳೆದು, ಹೊಳೆಯ ಕೆಂಪು ನೀರು ತಿಳಿಯಾಯ್ತು. ಡಿಸೆಂಬರ್‌ನಲ್ಲಿ ಹರಿಹರಕ್ಕೆ ಮತ್ತೆ ಹೋದೆ, ರಾಡ್ ಇಲ್ಲದೆ. ಅಲ್ಲಿ ಒಬ್ಬ ಅಜ್ಜ ತೆಪ್ಪದಲ್ಲಿ ಬಲೆ ಬಿಡ್ತಾರೆ. ತಲೆತಲಾಂತರದಿಂದ ಅದೇ ಕಸುಬು. ಹೋದ ವರ್ಷ ನನ್ನನ್ನ ದಿನಾ ನೋಡಿ ಸುಮ್ನಿದ್ದವರು, ಈ ಸಲ ಅವರೇ ಮಾತಾಡಿಸಿದ್ರು.

"ಏನ್ ತಮ್ಮಾ, ಚಾಟಿ ತಂದಿಲ್ಲ ಇವತ್ತು?"

"ಬಿಟ್ಟೆ ಅಜ್ಜಾ. ಒಂದು ಮೀನು ಸುಮ್ನೆ ಸತ್ತೋಯ್ತು."

ಅವರು ಬಲೆಯಿಂದ ಕಸ ಬಿಡಿಸ್ತಾನೇ ಇದ್ರು. ಪ್ಲಾಸ್ಟಿಕ್ ಕವರ್, ಒಂದು ಹಳೇ ಹಾರ, ಮೂರು ಜಿಲೇಬಿ ಮೀನು. "ನಿಂದು ಒಂದು ಸತ್ತಿದ್ದಕ್ಕೆ ಬಿಟ್ಯಾ? ನಾನು ಹುಟ್ಟಿದಾಗಿಂದ ಕೊಲ್ತಾ ಇದೀನಿ. ನಂದು ಊಟ, ನಿಂದು ಆಟ. ಊಟಕ್ಕೆ ಲೆಕ್ಕ ಕೇಳಲ್ಲ ಯಾರೂ. ಆಟಕ್ಕೆ ನೀನೇ ಲೆಕ್ಕ ಇಟ್ಕೋಬೇಕು." ಆಮೇಲೆ ಹಳೇದೆಲ್ಲ ಹೇಳಿದ್ರು. ಎಂಬತ್ತರ ದಶಕದಲ್ಲಿ ಕಾರ್ಖಾನೆ ನೀರಿಂದ ಹೊಳೆಯಲ್ಲಿ ಮೀನು ಸತ್ತು ತೇಲಿದ್ದು, ದಂಡೆ ಊರುಗಳ ಜನ, ಸಮಾಜ ಪರಿವರ್ತನ ಸಮುದಾಯದವರು ಹೋರಾಟ ಮಾಡಿದ್ದು. ಮರಳು ತೆಗೆದು ತೆಗೆದು ಮಡುಗಳ ಆಕಾರವೇ ಬದಲಾಗಿದ್ದು. "ಆಗ ಇಲ್ಲಿ ಯಾವ ಯಾವ ಮೀನಿತ್ತು ಅಂತ ಬರೆದಿಟ್ಟೋರು ಯಾರೂ ಇಲ್ಲ ತಮ್ಮಾ. ನನ್ನ ತಲೇಲಿದೆ. ನಾನು ಹೋದ್ರೆ ಅದೂ ಹೋಯ್ತು."

ಅವತ್ತು ಅಲ್ಲೇ ಕೂತು ನೋಟ್‌ಬುಕ್‌ನಲ್ಲಿ ಅವರು ಹೇಳಿದ ಮೀನುಗಳ ಹೆಸರು ಬರ್ಕೊಂಡೆ. ಇಪ್ಪತ್ತಾರು ಹೆಸರು. ಅದರಲ್ಲಿ ಹತ್ತನ್ನ ಅವರು ಇಪ್ಪತ್ತು ವರ್ಷದಿಂದ ನೋಡಿಲ್ಲವಂತೆ. ಅವರ ದನಿಯಲ್ಲೇ ಆ ಪಟ್ಟಿಯನ್ನ ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ, ಒಪ್ಪಿಗೆ ಕೊಟ್ಟಿದಾರೆ.

ಈ ಚಳಿಗಾಲ ಮತ್ತೆ ರಾಡ್ ಹಿಡಿದಿದೀನಿ. ಕೆಲವು ಕಟ್ಟುಪಾಡು ಹಾಕ್ಕೊಂಡಿದೀನಿ, ಯಾರಿಗಾದ್ರೂ ಉಪಯೋಗ ಆಗಬಹುದು. ಡಿಸೆಂಬರ್‌ನಿಂದ ಫೆಬ್ರವರಿ ಮಾತ್ರ. ತಣ್ಣನೆ ನೀರಲ್ಲಿ ಆಮ್ಲಜನಕ ಜಾಸ್ತಿ ಕರಗಿರುತ್ತೆ, ಸುಸ್ತಾದ ಮೀನು ಬೇಗ ಚೇತರಿಸ್ಕೊಳ್ಳುತ್ತೆ. ಬೇಸಿಗೆಯಲ್ಲಿ ಬಿಟ್ಟ ಮೀನು ಈಜ್ಕೊಂಡು ಹೋದ್ರೂ ಬದುಕಿತು ಅಂತ ಗ್ಯಾರಂಟಿ ಇಲ್ಲ. ಮಳೆಗಾಲ ಅವುಗಳ ಹೆರಿಗೆ ಕಾಲ, ಆ ಕಡೆ ತಲೆಯೇ ಹಾಕೋದಿಲ್ಲ. ಕೊಕ್ಕೆಯ ಒಳಗಡೆ ಹಿಮ್ಮುಖವಾಗಿ ಒಂದು ಸಣ್ಣ ಮುಳ್ಳಿರುತ್ತಲ್ಲ, ಅದನ್ನ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡ್ತೀನಿ, ಬಿಡಿಸೋದು ಒಂದು ಸೆಕೆಂಡಿನ ಕೆಲಸ ಆಗುತ್ತೆ. ಮೀನು ತಪ್ಪಿಸ್ಕೊಳ್ಳೋದೂ ಜಾಸ್ತಿ. ತಪ್ಪಿಸ್ಕೊಳ್ಳಲಿ. ದಾರ ತೀರಾ ತೆಳುವಾದ್ದು ಬೇಡ, ಬೇಗ ದಡಕ್ಕೆ ಬರಬೇಕು. ಕೈ ಒದ್ದೆ ಮಾಡ್ಕೊಂಡೇ ಮುಟ್ಟಬೇಕು, ಒಣ ಕೈಗೆ ಮೀನಿನ ಮೈಮೇಲಿನ ಲೋಳೆ ಅಂಟ್ಕೊಂಡು ಬರುತ್ತೆ, ಅದೇ ಅದರ ರಕ್ಷಣೆ. ನೀರಿಂದ ಎತ್ತೋದಿಲ್ಲ. ಫೋಟೋ ಇಲ್ಲ. ದೇವಸ್ಥಾನ, ಸ್ನಾನಘಟ್ಟ, ಮತ್ಸ್ಯಧಾಮದ ಹತ್ರ ಇಲ್ಲವೇ ಇಲ್ಲ. ನೀವು ಹೋಗೋ ಹಾಗಿದ್ರೆ ಮೊದಲು ಮೀನುಗಾರಿಕೆ ಇಲಾಖೆ ಆಫೀಸಿಗೆ ಹೋಗಿ, ಯಾವ ಜಾಗದಲ್ಲಿ ಪರವಾನಗಿ ಬೇಕು ಅಂತ ಕೇಳಿ. ತುಂಗಭದ್ರೆಯಲ್ಲಿ ಮೊಸಳೆ ಇವೆ, ಮೊಂಟಾನಾ ಥರ ನೀರಿಗಿಳಿದು ಹೀರೋ ಆಗಬೇಡಿ. ನಾನು ಬಂಡೆ ಮೇಲಿಂದಲೇ.

ಮಂಡಕ್ಕಿ ಫ್ಲೈಯನ್ನ ಮತ್ತೆ ಕಟ್ಟಿಲ್ಲ. ಒಂದು ಉಳಿದಿತ್ತು, ಮೇಜಿನ ಡ್ರಾಯರ್‌ನಲ್ಲಿದೆ.

ಚಳಿಗಾಲದ ಮಜಾ ಏನು ಅಂತ ಕೇಳಿದ್ರೆ, ಒಂದು, ಬೇಗ ಏಳಬೇಕಾಗಿಲ್ಲ. ನಾನು ಆರೂವರೆಗೆ ಹೋಗೋದು ಹೊಳೆ ಮೇಲಿನ ಮಂಜು ನೋಡೋಕೆ. ಮೀನು ಚುರುಕಾಗೋದು ಬಿಸಿಲು ಬಂಡೆಗೆ ತಾಗಿ ದಡದ ನೀರು ಸ್ವಲ್ಪ ಬೆಚ್ಚಗಾದ್ಮೇಲೆ, ಹತ್ತರ ಹೊತ್ತಿಗೆ. ಟ್ರೌಟ್‌ನವರೂ ಚಳಿಗಾಲದಲ್ಲಿ ಇದನ್ನೇ ಹೇಳ್ತಾರೆ: ಮಧ್ಯಾಹ್ನ ಹೋಗು, ಆಳದ ನಿಧಾನ ನೀರಲ್ಲಿ ಹಾಕು, ಫ್ಲೈ ಚಿಕ್ಕದಿರಲಿ, ನಿಧಾನಕ್ಕೆ ಎಳಿ. ಎರಡು, ನೀರು ತಿಳಿ. ಮೀನು ಫ್ಲೈ ಹತ್ರ ಬರೋದು, ಮೂಸೋ ಥರ ನಿಲ್ಲೋದು, 'ಇದು ನೊಣ ಅಲ್ಲ' ಅಂತ ತೀರ್ಮಾನ ಮಾಡಿ ವಾಪಸ್ ಹೋಗೋದು, ಎಲ್ಲ ಕಾಣುತ್ತೆ. ಹತ್ತರಲ್ಲಿ ಒಂಬತ್ತು ಸಲ ಹಾಗೇ ಆಗುತ್ತೆ. ಆ ಒಂಬತ್ತು ಸಲವೇ ನನಗೀಗ ಜಾಸ್ತಿ ಇಷ್ಟ. ಮೂರು ಗಂಟೆ ಫೋನ್ ನೋಡಿರೋದಿಲ್ಲ ಅನ್ನೋದು ನನಗೆ ಬಸ್ಸಲ್ಲಿ ಕೂತಾಗಲೇ ಗೊತ್ತಾಗೋದು.

ಹೋದ ಭಾನುವಾರ ಅಮ್ಮನೂ ಬಂದಿದ್ರು. ದೇವಸ್ಥಾನಕ್ಕೆ. ಅವರು ಹೊಳೆ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕ್ತಿದ್ರು, ನಾನು ಎರಡು ಕಿಲೋಮೀಟರ್ ಮೇಲ್ಗಡೆ ಬಂಡೆ ಮೇಲೆ. ಹನ್ನೊಂದರ ಹೊತ್ತಿಗೆ ಒಂದು ಚಿಕ್ಕ ಮೀನು ಹತ್ತಿತು, ಗೇಣುದ್ದದ್ದು, ಬೆಳ್ಳಿ ಬಣ್ಣ. ದಡಕ್ಕೆ ತಂದೆ, ಬಾಗಿ ಕೊಕ್ಕೆ ಹಿಡಿದು ತಿರುಗಿಸಿದೆ, ಕಳಚ್ಕೊಂಡಿತು. ಅರೆ ಕ್ಷಣ ನನ್ನ ಬೆರಳ ಪಕ್ಕದಲ್ಲೇ ನಿಂತಿತ್ತು. ಆಮೇಲೆ ಇರಲಿಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ಅಮ್ಮ ಕೇಳಿದ್ರು.

"ಸಿಕ್ತಾ?"

"ಒಂದು. ಬಿಟ್ಟೆ."

"ಸಾಯ್ಲಿಲ್ವಾ?"

"ಇಲ್ಲಮ್ಮ. ನೀರಿಂದ ಎತ್ತಲೇ ಇಲ್ಲ. ಬಾಲ ಬಡ್ಕೊಂಡು ಹೋಗಿದ್ದು ನೋಡ್ದೆ."

ಅವರು ಕಿಟಕಿ ಕಡೆ ನೋಡ್ತಾ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಆದ್ರೂ ಬಾಯಿ ನೊಂದಿರುತ್ತಲ್ಲೋ," ಅಂದ್ರು.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ದಿನಾಂಕ, ಜಾಗ, ನೀರು ತಿಳಿ, ಮೀನು 1, ಗೇಣುದ್ದ, ಗಾಳಿಯಲ್ಲಿದ್ದ ಸಮಯ 0 ಸೆಕೆಂಡ್. ಕೊನೆಯಲ್ಲಿ 'ಷರಾ' ಅಂತ ಒಂದು ಕಾಲಂ ಇದೆ, ಯಾವಾಗಲೂ ಖಾಲಿ ಬಿಡ್ತೀನಿ. ಅವತ್ತು ಅದರಲ್ಲಿ ಅಮ್ಮ ಹೇಳಿದ್ದನ್ನ ಹೇಳಿದ ಹಾಗೇ ಬರೆದೆ.